ಕರೆಂಟಿನವನಿಗೆ ಯಾರು ಹೆಣ್ಣು ಕೊಡ್ತಾರ?

ಗೋಡೆಗೆ ಮೊಳೆ ಹೊಡೆಯಲು ಹೋದವನು ಆ ಮನೆಯ ಸಂಸಾರದೊಳಗೂ ಒಮ್ಮೆ ಹೊಕ್ಕು ಬರಲೇಬೇಕು. ವೈರಿಂಗ್ ಕೆಲಸದವನಿಗೆ ಇದು ತಪ್ಪಿದ್ದಲ್ಲ. ನನ್ನ ಆಯುಷ್ಯದಲ್ಲಿ ಫಜೀತಿ ಇಲ್ಲದೆ ದೀಪ ಹತ್ತಿದ ಮನೆ ಒಂದೂ ಇಲ್ಲ ನೋಡ್ರಿ. ಈಗ ಕೈ ನಡುಗುತ್ತದೆ, ಏಣಿ ಮುಟ್ಟಿದರೆ ಮನೆಯಲ್ಲಿ ಗದರುತ್ತಾರೆ. ಆದರೂ ಯಾರ ಮನೆಗೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಸೂರಿನ ಕಡೆಗೇ.

ಮದರಾಸ್ ಸರಕಾರದ ಕಾಲ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಹೊಸಪೇಟೆಗೆ ಆಗತಾನೆ ಕರೆಂಟು ಬಂದಿತ್ತು. ಬಳ್ಳಾರಿಯ ಮೇಸ್ತ್ರಿಯೊಬ್ಬರ ಹತ್ತಿರ ನಾನು ಕೆಲಸ ಕಲಿತು ಬಂದಿದ್ದೆ. ಒಣಗಿದ ಚಂದದ ಮನೆಗೆ ತೇಗದ ಪಟ್ಟಿ, ಹಸಿ ಗೋಡೆಗೆ ಸೀಸದ ಹೊದಿಕೆಯ ವೈರು, ನಾಲ್ಕು ದಿನದ ಚಪ್ಪರಕ್ಕೆ ಪಿಂಗಾಣಿ ಬಿಲ್ಲೆ, ಯಂತ್ರ ಓಡುವ ಕಡೆ ಕಬ್ಬಿಣದ ಪೈಪಿನೊಳಗೆ ವೈರು. ಇಷ್ಟೇ ಅವರ ಪಾಠ. ಗೋಡೆ ನೋಡಿ ವೈರು ಹಾಕು ಅನ್ನುತ್ತಿದ್ದರು. ಗೋಡೆಯ ಹಿಂದೆ ಮನುಷ್ಯರೂ ಇರುತ್ತಾರೆ ಎಂಬುದನ್ನು ಮಾತ್ರ ಹೇಳಿಕೊಡಲಿಲ್ಲ.

ಕೆಲಸ ಸಿಕ್ಕಿತು, ಹೆಣ್ಣು ಸಿಗಲಿಲ್ಲ. ಸಿಡಿಲಿನ ಜೊತೆ ಸರಸ ಆಡೋನಿಗೆ ಮಗಳನ್ನ ಕೊಟ್ಟು ನಾಳೆ ಕುಂಕುಮ ಅಳಿಸೋದು ಯಾರು ಅಂತ ಮೂರು ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ನನಗೆ ಇಪ್ಪತ್ತಾರು ತುಂಬಿತ್ತು. ನಮ್ಮವ್ವ ದಿನಾ ಕಣ್ಣೀರು ಹಾಕೋಳು. ಕಡೆಗೆ ನನ್ನ ಸೋದರಮಾವ ಕಂಪ್ಲಿಯ ಒಬ್ಬ ಅಕ್ಕಿ ಮಿಲ್ಲಿನ ಸಾಹುಕಾರರನ್ನು ಹಿಡಿದು ತಂದ. ಅವರಿಗೊಬ್ಬಳೇ ಮಗಳು. ಹುಡುಗ ಕೆಲಸ ಮಾಡಿದ ಜಾಗ ನಾಲ್ಕಾರು ನೋಡಿ, ವಿಚಾರಿಸಿ, ಆಮೇಲೆ ಮಾತು ಅಂದರು. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನನ್ನ ಪಾಲಿಗೆ ಎಲ್ಲರೂ ನಿಜವನ್ನೇ ಹೇಳಿಬಿಟ್ಟರು, ಅದೇ ಕಷ್ಟಕ್ಕೆ ಬಂತು.

ಒಗೆದ ವೈರು

ಸಾಹುಕಾರರು ಮೊದಲು ಹೋಗಿದ್ದು ಹೊಸಪೇಟೆಯ ಒಬ್ಬ ವಕೀಲರ ಮನೆಗೆ. ವೈಷ್ಣವರು, ಮಡಿಯ ಮನೆತನ. ವಕೀಲರಿಗಿಂತ ಅವರ ತಾಯಿಯದೇ ಅಲ್ಲಿ ಕಾಯ್ದೆ. ಆ ಮನೆಗೆ ನಾನು ವೈರು ಹಾಕಿದಾಗ ನಡೆದದ್ದನ್ನು ಮೊದಲು ಹೇಳುತ್ತೇನೆ.

ಅಡುಗೆಮನೆಯಲ್ಲಿ ಹೊಗೆ, ಹಬೆ, ಪಸೆ. ಸೀಸದ ಹೊದಿಕೆಯ ವೈರೇ ಸರಿ ಅಂತ ತಂದೆ. ಅಜ್ಜಿ ಹೊಸಲಿನ ಆಚೆ ನಿಂತು, ಒಳಗೇನಿದೆ ಬಿಚ್ಚಿ ತೋರಿಸು ಅಂದರು. ತುದಿ ಕೊಯ್ದು ತೋರಿಸಿದೆ. ಸೀಸ, ಅದರೊಳಗೆ ರಬ್ಬರು, ಅದರ ಮೇಲೆ ನೂಲಿನ ಹೆಣಿಗೆ.

"ಹತ್ತಿ ನೂಲೇನೋ ತಮ್ಮಾ? ಮೈಲಿಗಿ ಆಗ್ತದ. ನನ್ನ ಅಡಗಿಮನ್ಯಾಗ ಬ್ಯಾಡ."

ಬಳ್ಳಾರಿಯ ಮೇಸ್ತ್ರಿ ಈ ಪಾಠ ಮಾಡಿರಲಿಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಆಗ ನೆನಪಾಯಿತು: ದೊಡ್ಡವರ ಪಡಸಾಲೆಯಲ್ಲಿ ದೀಪ ಇಳಿಬಿಡಲು ಹುರಿ ಮಾಡಿದ ಒಂದು ವೈರು ಬರುತ್ತಿತ್ತು, ಅದಕ್ಕೆ ರೇಷ್ಮೆಯ ಹೆಣಿಗೆ. ಸೀಸದ ವೈರನ್ನು ಹೊರಗಿನ ಗೋಡೆಯಲ್ಲೇ ನಿಲ್ಲಿಸಿ, ತೂತು ಕೊರೆದು, ಒಳಗೆ ಒಂದು ಗಜ ರೇಷ್ಮೆ ವೈರು ಇಳಿಬಿಡುತ್ತೇನೆ ಅಂದೆ. ಅಜ್ಜಿಯ ಮುಖ ಅರಳಿತು. ರೇಷ್ಮೆ ಆದರೆ ಸರಿ, ಒಗೆದು ಒಣಗಿಸಿ ತಾ ಅಂದರು.

ಕರೆಂಟಿನ ವೈರು ಒಗೆದವನು ಮದರಾಸ್ ಸೀಮೆಯಲ್ಲೇ ನಾನೊಬ್ಬನೇ ಇರಬೇಕು. ಬಾವಿಕಟ್ಟೆಯಲ್ಲಿ ಅದ್ದಿ ತೆಗೆದೆ. ಅವರ ಮಡಿ ಸೀರೆಯ ಪಕ್ಕದಲ್ಲೇ ಮೂರು ದಿನ ಬಿಸಿಲಿಗೆ ಹಾಕಿ, ಹಸಿ ಇಲ್ಲ ಅಂತ ಹತ್ತು ಸಲ ನೋಡಿ, ಆಮೇಲೆ ಜೋಡಿಸಿದೆ. ಅಷ್ಟಾದ ಮೇಲೆ ಅಜ್ಜಿಗೆ ಇನ್ನೊಂದು ಸಂಶಯ ಬಂತು: ಈ ಕರೆಂಟು ಊರಿನ ಕಂಡಕಂಡವರ ಮನೆ ಮುಟ್ಟಿ ಬರುತ್ತದಲ್ಲ? ವಕೀಲರು ಕೋರ್ಟಿನಲ್ಲಿ ಎಷ್ಟು ಕೇಸು ಗೆದ್ದಿದ್ದರೋ ಕಾಣೆ, ಇದನ್ನು ಮಾತ್ರ ಗೆದ್ದರು. "ಅವ್ವಾ, ಅದು ಅಗ್ನಿ. ಅಗ್ನಿಗೆ ಎಲ್ಲೀ ಮೈಲಿಗಿ?" ಅಂದರು. ದೀಪ ಹತ್ತಿತು.

ಇಂಥ ಮನೆಗೆ ಕಂಪ್ಲಿ ಸಾಹುಕಾರರು ವಿಚಾರಿಸಲು ಹೋದರೆ, ಅಜ್ಜಿ ಬಾಯಿ ತುಂಬ ಹೊಗಳಿದರಂತೆ. ಅಂಥಾ ಮಡಿವಂತ ಹುಡುಗನ್ನ ನಾನು ನೋಡೇ ಇಲ್ಲ, ರೇಷ್ಮೆ ಒಗೆದು ಒಣಗಿಸದೆ ಅಡುಗೆಮನೆಗೆ ಕೈ ಹಾಕಲಿಲ್ಲ ಅಂತ. ಸಾಹುಕಾರರು ಶೈವರು, ಹೊಲ ಮಿಲ್ಲು ನೋಡಿಕೊಂಡಿರುವ ಮಂದಿ. ಹೊರಗೆ ಬಂದು ನನ್ನ ಸೋದರಮಾವನನ್ನು ಮೆಲ್ಲಗೆ ಕೇಳಿದರಂತೆ: "ಹಂಗಾರ ನಮ್ಮ ಹುಡುಗಿ ದಿನಾ ರೇಷ್ಮಿ ಸೀರಿ ಒಗೀಬೇಕೇನ್ರಿ?"

ತಿಂಗಳ ಸೇವೆ

ಎರಡನೆಯದು ಸಂಡೂರು. ಅಲ್ಲಿ ಗಣಿಯವರ ಡೈನಮೋದಿಂದ ಮ್ಯಾಂಗನೀಸ್ ವ್ಯಾಪಾರಿಯೊಬ್ಬರು ತಮ್ಮ ಮನೆಗೂ ದೀಪ ಎಳೆಸಿಕೊಂಡಿದ್ದರು. ಹಳೆಯ ಮಾಳಿಗೆ ಮನೆ. ಮರ ಕಂಡರೆ ಸಾಕು, ಹುಳ ಹುಪ್ಪಟೆ ಸೇರುವ ಜಾಗ. ಪೈಪು ಹಾಕೋಣ ಅಂದೆ. ಪೈಪು ಹಾಕಿದರೆ ಬಂದವರು ಇದನ್ನ ಮನೆ ಅಂತಾರೋ ಕಾರ್ಖಾನೆ ಅಂತಾರೋ ಎಂದು ಅವರು ಮೂಗು ಮುರಿದರು. ಮದರಾಸಿನ ಬಂಗಲೆಗಳಲ್ಲಿ ನೋಡಿ ಬಂದಿದ್ದರು. ತೇಗದ ಪಟ್ಟಿಯೇ ಆಗಬೇಕು, ಅದಕ್ಕೆ ಪಾಲಿಶ್ ಬೇರೆ. ಮನೆ ಅವರದು, ಹಾಕಿದೆ. ಚಂದವೂ ಕಂಡಿತು, ಸುಳ್ಳು ಯಾಕೆ ಹೇಳಲಿ.

ಈ ತೇಗದ ಪಟ್ಟಿಯಲ್ಲಿ ಉದ್ದಕ್ಕೂ ಎರಡು ಕಾಲುವೆ, ಒಂದೊಂದರಲ್ಲಿ ಒಂದೊಂದು ವೈರು, ಮೇಲೆ ಮರದ ಮುಚ್ಚಳ. ವೈರಿಗೆ ಎಷ್ಟು ಬೆಚ್ಚಗಿರುತ್ತದೋ ತಿಗಣೆಗೂ ಅಷ್ಟೇ ಬೆಚ್ಚಗಿರುತ್ತದೆ. ಆರು ತಿಂಗಳಲ್ಲಿ ಮನೆಯ ಮಂಚ, ಕುರ್ಚಿಗಳಲ್ಲಿದ್ದ ತಿಗಣೆಯೆಲ್ಲ ಸಂಸಾರ ಸಮೇತ ನನ್ನ ಪಟ್ಟಿಯೊಳಕ್ಕೆ ವಾಸ ಬದಲಿಸಿದವು. ಹಾಸಿಗೆಯ ನೆತ್ತಿಯ ಮೇಲೇ ಪಟ್ಟಿ, ಬೇಕೆಂದಾಗ ಇಳಿದು ಊಟ ಮಾಡಿ ಹತ್ತುತ್ತಿದ್ದವು. ದೀಪ ಚೆನ್ನಾಗಿ ಉರೀತಾವ, ನಾವು ಮಲಗೋದೆಂಗ ಅಂತ ಹೇಳಿಕಳಿಸಿದರು. ನಾನು ಹೋಗುವ ಹೊತ್ತಿಗೆ ಮನೆಯಾಕೆ ಸೀಮೆಎಣ್ಣೆ ಡಬ್ಬಿ ಹಿಡಿದು ಏಣಿಯ ಮೇಲೆ ನಿಂತಿದ್ದರು. ವೈರಿನ ಪಟ್ಟಿಗೆ ಸೀಮೆಎಣ್ಣೆ. ಓಡಿಹೋಗಿ ಮೇನ್ ಆರಿಸಿ, ಕೈಮುಗಿದು ಕೆಳಗಿಳಿಸಿದೆ.

ಆವತ್ತಿನಿಂದ ಒಂದು ಒಪ್ಪಂದವಾಯಿತು. ಪ್ರತಿ ಅಮಾವಾಸ್ಯೆಗೆ ನಾನು ಸಂಡೂರಿಗೆ ಹೋಗೋದು, ಮುಚ್ಚಳ ಬಿಚ್ಚೋದು, ಕುಂಚದಿಂದ ಕಾಲುವೆ ಗುಡಿಸೋದು, ಮುಚ್ಚೋದು. ಅವರು ಊಟ ಹಾಕಿ ಕಳಿಸುತ್ತಿದ್ದರು. ಹೋಳಿಗೆ ಅಂದರೆ ಅವರ ಮನೆಯದು. ಈಗಲೂ ಅಮಾವಾಸ್ಯೆ ಬಂದರೆ ಬಾಯಲ್ಲಿ ನೀರೂರುತ್ತದೆ.

ಸಾಹುಕಾರರು ಹೋಗಿ, ಹುಡುಗನ ಕೆಲಸ ಹೆಂಗ ಅಂತ ಕೇಳಿದಾಗ ವ್ಯಾಪಾರಿ ಮನಸಾರೆ ಹೇಳಿದರಂತೆ: "ಭಾಳ ನಂಬಿಗಸ್ಥ ರೀ. ತಿಂಗಳಿಗೊಮ್ಮೆ ಬಂದು ತಿಗಣಿ ತಗದು ಹೋಗ್ತಾನ." ಹೊಸಪೇಟೆ ಹತ್ತಿರ ಬಂದಾಗ ಸಾಹುಕಾರರು ಸೋದರಮಾವನನ್ನು, ಕರೆಂಟಿನ ಕೆಲಸ ಅಂದಿದ್ದಿರಲ್ಲ ಅಂತಷ್ಟೇ ಕೇಳಿದರಂತೆ.

ಮಂಟಪದ ಮೇಲೆ

ಮೂರನೆಯ ಸಲ ಅವರು ನನ್ನನ್ನೇ ನೋಡಲು ಬಂದರು. ನಾನಾಗ ಹಂಪಿ ಬಜಾರಿನಲ್ಲಿದ್ದೆ. ಮದರಾಸಿನ ಯಾತ್ರಿಕರೊಬ್ಬರು ಒಂದು ಕಲ್ಲುಮಂಟಪದಲ್ಲಿ ಏಳು ದಿನದ ಪಾರಾಯಣ ಇಟ್ಟುಕೊಂಡಿದ್ದರು. ಬಾಡಿಗೆ ಡೈನಮೋ, ಕರೆಂಟಿನ ದೀಪ. ಏಳೇ ದಿನದ ಕೆಲಸ, ಕಲ್ಲಿಗೆ ಮೊಳೆ ಹೊಡೆಯುವಂತಿಲ್ಲ. ಬಿದಿರ ಗಳ ನಿಲ್ಲಿಸಿ, ಪಿಂಗಾಣಿ ಬಿಲ್ಲೆ ಕಟ್ಟಿ, ಬಯಲಲ್ಲೇ ವೈರು ಎಳೆದೆ. ಪಾಠದ ಪ್ರಕಾರ ಬರೋಬ್ಬರಿ ಇತ್ತು. ಮಂಗಗಳನ್ನು ಮಾತ್ರ ಪಾಠದಲ್ಲಿ ಸೇರಿಸಿರಲಿಲ್ಲ.

ಅವಕ್ಕೆ ಇಷ್ಟು ವರ್ಷ ಬರೀ ಕಂಬ ಇತ್ತು, ಈಗ ಜೋಕಾಲಿ ಬಂತು. ಹಗಲು ಡೈನಮೋ ನಿಂತಿರುತ್ತಿತ್ತು, ಹಾಗಾಗಿ ಅವುಗಳಿಗೆ ಏನೂ ಆಗುತ್ತಿರಲಿಲ್ಲ, ಆಗುವುದೆಲ್ಲ ನನಗೆ. ಬೆಳಿಗ್ಗೆ ಬಿಗಿದ ವೈರು ಮಧ್ಯಾಹ್ನ ಜೋತು ಬೀಳೋದು. ಆ ದಿನ ಒಂದು ಗಡವ ಕೋತಿ ಬಲ್ಬನ್ನೇ ಕಿತ್ತುಕೊಂಡು ಮಂಟಪದ ಮೇಲೆ ಹೋಗಿ ಕುಳಿತಿತು. ಇದ್ದ ಬಲ್ಬು ಎಣಿಸಿದಷ್ಟೇ, ಇನ್ನೊಂದು ಬಳ್ಳಾರಿಯಿಂದ ಬರಬೇಕು. ಬಾಳೆಹಣ್ಣು ಹಿಡಿದು ನಾನೂ ಹತ್ತಿದೆ. ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ನಮ್ಮಪ್ಪಾ, ನಮ್ಮ ದೊರೆ, ಇದನ್ನು ತಗೋ ಅದನ್ನು ಕೊಡು ಅಂತ ಅಂಗಲಾಚುತ್ತಿದ್ದೆ. ಅದು ಬಲ್ಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿತ್ತು. ನಾನು ಬಗ್ಗಿದರೆ ಅದೂ ಬಗ್ಗೋದು, ನಾನು ತಲೆ ಕೆರೆದರೆ ಅದೂ ಕೆರೆಯೋದು.

ಅದೇ ಗಳಿಗೆಯಲ್ಲಿ ಸೋದರಮಾವ ಸಾಹುಕಾರರನ್ನು ಕರೆದುಕೊಂಡು ಬಂದ. ಅವಸರದಲ್ಲಿ ಮೇಲೆ ಕೈತೋರಿಸಿ, ಅಗಾ ನೋಡ್ರಿ ನಮ್ಮ ಹುಡುಗ ಅಂದುಬಿಟ್ಟ.

ಸಾಹುಕಾರರು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಮ್ಯಾಲೆ ಇಬ್ಬರು ಕುಂತಾರ. ಹುಡುಗ ಯಾರು?"

ಕಂಪ್ಲಿಯ ಪರೀಕ್ಷೆ

ಇಲ್ಲಿಗೆ ಈ ಸಂಬಂಧ ಮುಗೀತು ಅಂದುಕೊಂಡೆ. ಆದರೆ ಸಾಹುಕಾರರ ಮಿಲ್ಲಿಗೆ ಹೊಸ ಡೈನಮೋ ಬಂದು ಕುಳಿತಿತ್ತು, ಅದನ್ನು ಜೋಡಿಸುವವನು ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಕೆಲಸ ಮಾಡ್ಲಿ, ಮುಂದಿಂದು ಮುಂದ ಅಂದರು. ನಮ್ಮವ್ವ ಹುಲಿಗೆಮ್ಮನಿಗೆ ಹರಕೆ ಕಟ್ಟಿಕೊಂಡಳು.

ಮಿಲ್ಲಿಗೆ ಹೋಗಿ ನೋಡಿದರೆ ತೊಲೆಗಳ ಮೇಲೆ ಬೆರಳು ದಪ್ಪ ತೌಡಿನ ಧೂಳು, ಮೂಲೆಯಲ್ಲಿ ಹೆಗ್ಗಣ, ಬೆಲ್ಟು ಓಡಿದರೆ ಗೋಡೆಯೆಲ್ಲ ಅದುರುತ್ತದೆ. ಪೈಪು ಬಿಟ್ಟು ಬೇರೆ ಮಾತೇ ಇಲ್ಲ. ಸಾಹುಕಾರರು ಒಪ್ಪಲಿಲ್ಲ.

"ವೈರು ಬಯಲಿಗೇ ಬಿಡು. ಹಾವು ಕಣ್ಣಿಗೆ ಕಾಣಂಗಿದ್ರ ಭಯ ಇಲ್ಲ. ಕೊಳವಿಯೊಳಗ ಹೊಕ್ಕರ ಎಲ್ಲೈತಿ ಅಂತ ಹೆಂಗ ತಿಳೀಬೇಕು?"

ಹೂಂ ಅನ್ನು ಅಂತ ಸೋದರಮಾವ ನನ್ನ ಕಾಲು ತುಳಿದ. ಅನ್ನಬಹುದಿತ್ತು. ಹೆಣ್ಣು ಕೊಡುವ ಮಾವ, ನಾಲ್ಕನೆಯ ಸಂಬಂಧ, ಮನೆಯಲ್ಲಿ ಕಾಯುತ್ತಿರುವ ತಾಯಿ. ಆದರೆ ಹೆಗ್ಗಣ ಒಂದು ವೈರು ಕಡಿದು ಒಂದು ಕಿಡಿ ಹಾರಿದರೆ ತೌಡಿನ ಜೊತೆ ಮಿಲ್ಲೂ ಮಂದಿಯೂ ಸುಟ್ಟುಹೋಗುತ್ತಾರೆ. ಪೈಪಾದರೆ ಹಾಕುತ್ತೇನೆ, ಇಲ್ಲವಾದರೆ ಡೈನಮೋ ಹಂಗೇ ಕುಂದ್ರಲಿ ಅಂದೆ. ಸೋದರಮಾವ ಕಣ್ಣು ಮುಚ್ಚಿಕೊಂಡ. ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಕು ಅಂತ ಗೊಣಗಿ ಹೋದರು.

ಹದಿನೈದು ದಿನದ ಕೆಲಸ. ಮಿಲ್ಲಿಗೂ ಅವರ ಮನೆಗೂ ನಡುವೆ ಒಂದು ಬಾಗಿಲು. ಮಧ್ಯಾಹ್ನ ಅದರ ಸಂದಿಯಿಂದ ಮಜ್ಜಿಗೆಯ ತಂಬಿಗೆ ಬರೋದು, ಹಸಿರು ಬಳೆಯ ಕೈ ಕಾಣೋದು. ಅಷ್ಟೇ, ಮುಖ ಕಂಡಿದ್ದಿಲ್ಲ. ಆ ಮಜ್ಜಿಗೆಗೆ ಕರಿಬೇವು ಶುಂಠಿ ಎಷ್ಟು ಹದವಾಗಿ ಬಿದ್ದಿರುತ್ತಿತ್ತೆಂದರೆ, ಯಾವಾಗ ಮಧ್ಯಾಹ್ನ ಆದೀತೋ ಅಂತ ಕಾಯುತ್ತಿದ್ದೆ. ಎಂಜಿನ್ ನೋಡಿಕೊಳ್ಳುವವನಿಗೆ ಫ್ಯೂಸ್ ಹೇಳಿಕೊಡುವಾಗ ಗಂಟಲು ಸ್ವಲ್ಪ ಜೋರೇ ಮಾಡಿದೆ, ಬಾಗಿಲಿನ ಆಚೆಗೂ ನನ್ನ ಜಾಣತನ ಕೇಳಲಿ ಎಂದು. ಈ ಪಿಂಗಾಣಿ ತುಂಡು ಕಿತ್ತರೆ ಆಯಿತು, ಆಮೇಲೆ ವೈರು ಸತ್ತಂಗ, ಕೂಸು ಹಿಡಿದರೂ ಏನೂ ಆಗಂಗಿಲ್ಲ ಅಂತ ಎರಡೆರಡು ಸಲ ಹೇಳಿದೆ.

ದೀಪ ಹತ್ತಿಸುವ ದಿನ ಬೆಳಿಗ್ಗೆ ಸಾಹುಕಾರರು ಎಲ್ಲರಿಗೂ ಕೇಳುವಂತೆ ಸೋದರಮಾವನಿಗೆ ಹೇಳಿದರು: "ಸಂಜಿಗೆ ಅವನೇ ಸ್ವಿಚ್ಚು ಒತ್ತಲಿ. ಏನೂ ಆಗಲಿಲ್ಲಂದ್ರ ನನ್ನ ಮಗಳು ಅವನ ಮನಿಗೆ. ಏನರ ಆತಂದ್ರ, ಮದಿವಿಗೆ ಮುಂಚೇನ ಆತಲ್ಲ ಅಂತ ಸಮಾಧಾನ."

ಸಂಜೆ ಕಂಪ್ಲಿಯ ಅರ್ಧ ಊರು ಮಿಲ್ಲಿನಲ್ಲಿತ್ತು. ಪೂಜೆ ಆಯಿತು, ಕಾಯಿ ಒಡೆದರು, ಎಂಜಿನ್ ಶುರುವಾಯಿತು. ಎಲ್ಲರೂ ಹತ್ತು ಹೆಜ್ಜೆ ಹಿಂದೆ ಸರಿದರು. ನಾನು ಸ್ವಿಚ್ಚು ಒತ್ತಿದೆ.

ಏನೂ ಇಲ್ಲ. ಮತ್ತೆ ಒತ್ತಿದೆ. ದೀಪ ಮಿಣುಕ್ ಅನ್ನಲಿಲ್ಲ. ಪೈಪೇ ಬೇಕು ಅಂತ ಹಟ ಹಿಡಿದವನು ನಾನೇ, ಊರೆದುರಿಗೆ ಮಾನ ಹೋಯಿತು, ಇನ್ನು ಆ ಮಜ್ಜಿಗೆಯ ತಂಬಿಗೆಯೂ ಹೋಯಿತು ಅಂತ ಕಣ್ಣಲ್ಲಿ ನೀರು ಬಂತು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಸಾಹುಕಾರರು ಬಿರಬಿರನೆ ಬಂದು ನನ್ನ ಕೈ ಹಿಡಿದರು. ಅಂಗೈ ತಿರುವಿ ನೋಡಿದರು, ಹಿಂಗೈ ನೋಡಿದರು, ಬೆರಳು ಎಣಿಸಿದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಮುಂದೆಂದೂ ನೋಡಲಿಲ್ಲ. "ಎರಡು ಸಲ ಮುಟ್ಟಿದ, ಒಂದು ಉಗುರಿಗೂ ಏನೂ ಆಗಿಲ್ಲ. ಇಂಥಾ ತಣ್ಣನ್ನ ಕರೆಂಟು ನಾ ಎಲ್ಲೂ ಕೇಳಿಲ್ಲ. ಸಕ್ಕರಿ ತರ್ರಿ."

ಸೋದರಮಾವ ಒಂದು ಕ್ಷಣವೂ ತಡಮಾಡಲಿಲ್ಲ. ಅಲ್ಲೇ ಸಕ್ಕರೆ ಬಾಯಿಗೆ ಬಿತ್ತು, ವೀಳ್ಯ ಕೈ ಬದಲಾಯಿತು. ಎಲ್ಲ ಮುಗಿದ ಮೇಲೆ ನಾನು ಮೆಲ್ಲಗೆ ಫ್ಯೂಸಿನ ಹಲಗೆಯ ಹತ್ತಿರ ಹೋದೆ. ಪಿಂಗಾಣಿ ತುಂಡು ತನ್ನ ಜಾಗದಲ್ಲಿ ಇರಲಿಲ್ಲ, ಹಲಗೆಯ ನೆತ್ತಿಯ ಮೇಲೆ ಕುಳಿತಿತ್ತು. ಹಾಕಿದೆ. ಮಿಲ್ಲು ಹಗಲಾಯಿತು. ಸಾಹುಕಾರರು ಹಿಂದಕ್ಕೆ ಹಾರಿ ಭತ್ತದ ಚೀಲದ ಮೇಲೆ ಬಿದ್ದರು, ಆದರೆ ಸಕ್ಕರೆ ಆಗಲೇ ಕರಗಿತ್ತು.

ಮೂವತ್ತು ವರ್ಷ ಈ ಸಂಗತಿ ಯಾರಿಗೂ ಹೇಳಲಿಲ್ಲ. ವೈರಿಂಗ್‌ನವನು ಫ್ಯೂಸ್ ಹಾಕುವುದನ್ನೇ ಮರೆತ ಅಂದರೆ ಯಾವ ಮುಖ ಇಟ್ಟುಕೊಂಡು ತಿರುಗುವುದು? ಕಡೆಗೊಂದು ದಿನ, ಅಕ್ಕಿ ಆರಿಸುತ್ತ ಕುಳಿತಿದ್ದ ಹೆಂಡತಿಯ ಎದುರಿಗೆ ತಪ್ಪು ಒಪ್ಪಿಕೊಂಡೆ. ಅವಳು ಮೊರ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದಳು.

"ನೀವು ಮರತಿರಲಿಲ್ಲ ಬಿಡ್ರಿ. ನಾನೇ ಕಿತ್ತಿಟ್ಟಿದ್ದೆ."

ನನಗೆ ಎದೆ ತುಂಬಿ ಬಂತು. ಮದುವೆಗೆ ಮುಂಚೆಯೇ, ಸರಿಯಾಗಿ ಮುಖ ನೋಡದ ಗಂಡಿನ ಜೀವದ ಮೇಲೆ ಇವಳಿಗೆ ಇಷ್ಟು ಕಕ್ಕುಲಾತಿ. ಆವಾಗಲೇ ನನ್ನ ಮೇಲೆ ಅಷ್ಟು ಮನಸ್ಸಿತ್ತೇನು ಅಂತ ಕೇಳಿದೆ.

"ಮನಸ್ಸೂ ಇತ್ತು ಅನ್ರಿ," ಅಂದಳು. "ಆದ್ರ ಹದಿನೈದು ದಿನ ಬಾಗಿಲ ಸಂದ್ಯಾಗ ನಿಂತು ನಿಮ್ಮ ಕೆಲಸ ನೋಡಿದ್ದೆ ನೋಡ್ರಿ, ನಂಬಿಕಿ ಬರಲಿಲ್ಲ."