ಬೋರ್ ನೀರಿನ ಟೀ

"ಕಡ್ಲೆಕಾಳು ನೆನೆಹಾಕಿದೀನಿ. ಬೋರ್ ನೀರಲ್ಲಿ ಬೇಯಿಸ್ಬೇಡಿ."

ನನ್ನ ಹೆಂಡತಿ ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಕೂತು ಹೇಳಿದ ಮಾತು ಇದು. ಆಮೇಲೆ ಮಾತಾಡಲಿಲ್ಲ. ಬೇರೆಯವರ ಮನೇಲಿ ಕೊನೇ ಮಾತು ಅಂದರೆ ಮಕ್ಕಳ ವಿಷಯ, ದೇವರ ವಿಷಯ ಇರುತ್ತಂತೆ. ನಮ್ಮನೇಲಿ ಕಡ್ಲೆಕಾಳು.

ನಾನು ಪ್ಲಂಬರ್. ಓದಿದ್ದು ನಾಲ್ಕನೇ ಕ್ಲಾಸು. ತುಮಕೂರಲ್ಲಿ ಮೂವತ್ತು ವರ್ಷದಿಂದ ಪೈಪಿನೊಳಗಿನ ಸುಣ್ಣ ಕೆರೆದೇ ಹೊಟ್ಟೆ ಹೊರೆದಿದೀನಿ. ಈ ಊರಲ್ಲಿ ಗಡಸು ನೀರು ಇರೋತನಕ ಫಜೀತಿಗೆ ಬರ ಇಲ್ಲ. ಮುಂಚೆ ಬೇರೆಯವರ ಮನೇಲಿ ಆಗ್ತಿತ್ತು. ಈಗ ನಮ್ಮನೇಲೂ ಆಗುತ್ತೆ.

ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೇಲಿ ಎರಡು ನಲ್ಲಿ. ಒಂದು ಬೋರ್ ನೀರಿಂದು. ಯಾವಾಗ ತಿರುಗಿಸಿದರೂ ಬರುತ್ತೆ, ಗಡಸು. ಇನ್ನೊಂದು ಬಾಗಿಲಾಚೆ, ಹೇಮಾವತಿ ಹೊಳೆ ನೀರಿಂದು. ಸಿಹಿ ನೀರು, ಆದರೆ ಯಾವ ದಿನ ಬರುತ್ತೋ ದೇವರಿಗೇ ಗೊತ್ತು. ಕ್ಯಾನ್ ನೀರು ತರಬಹುದು. ಅವಳು ತರಿಸ್ತಿರಲಿಲ್ಲ, ನಾನೂ ತರಿಸಲ್ಲ.

ಅವಳಿದ್ದಾಗ ಟೀ ಕುಡೀದೆ ನಮ್ಮನೆಯಿಂದ ಯಾರೂ ಏಳ್ತಿರಲಿಲ್ಲ. ಈಗ ನಾನು ಮಾಡಿದರೆ ಬೋರ್ ನೀರಿಗೆ ಹಾಲು ಒಡೆಯುತ್ತೆ. ಬಂದವರು ಒಂದು ಗುಟುಕು ಕುಡೀತಾರೆ. "ಯಾಕೋ ಗ್ಯಾಸ್ಟ್ರಿಕ್ ಅಣ್ಣ" ಅಂತಾರೆ. ಏಳ್ತಾರೆ. ನನಗಿರೋದು ಒಂದೇ ಆಸೆ. ಯಾರಾದರೂ ಒಬ್ಬರು ಲೋಟ ಖಾಲಿ ಆಗೋತನಕ ಕೂರಬೇಕು.

ಕುಕ್ಕರ್ ಕೂಗಿತು

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗೀತು. ನೆಂಟರು ಹೊರಟರು. ಭಾವಮೈದ ಒಬ್ಬ ಉಳಿದ. ಗುಬ್ಬಿ ಕಡೆ ಸಿ.ಎಸ್. ಪುರದವನು, ವ್ಯವಸಾಯಗಾರ. ಅವನ ಅಕ್ಕ ಮಾಡ್ತಿದ್ದ ಹಾಗೇ ಮಾಡಿ ಬಡಿಸೋಣ ಅಂತ ಕಡ್ಲೆಕಾಳು ನೆನೆಹಾಕಿ ಕುಕ್ಕರ್ ಇಟ್ಟೆ. ಮನೇಲಿ ಸಿಹಿ ನೀರಿರಲಿಲ್ಲ. ಬೇಡ ಅಂದಿದ್ದು ನೆನಪಿತ್ತು. ಜಾಸ್ತಿ ಕೂಗಿಸಿದರೆ ಬೇಯುತ್ತೆ ಅನ್ಕೊಂಡೆ.

ಕೂಗಿಸಿದೆ. ಹದಿನೈದು ವಿಷಲ್ ಆದ ಮೇಲೆ ಪಕ್ಕದ ಮನೆಯಾಕೆ ಕಿಟಕಿಯಿಂದ ಕೇಳಿದರು. "ಅಣ್ಣ, ಕುಕ್ಕರ್ ಇಟ್ಟು ಮರ್ತೋದ್ರಾ?"

"ಇಲ್ಲ ಕಣಮ್ಮ, ಮುಂದೇನೇ ಕೂತಿದೀನಿ."

ಭಾವಮೈದ ಒಂದು ಕಾಳು ಬಾಯಿಗೆ ಹಾಕಿದ. ದವಡೆ ಹಿಡಿದುಕೊಂಡ. ಕಾಳನ್ನ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ.

"ಭಾವ, ಏನೂ ಆಗಿಲ್ಲ. ಬಿತ್ತಿದ್ರೆ ಇನ್ನೂ ಮೊಳಕೆ ಬರುತ್ತೆ."

ತಾನೇ ಬಂದ ವಿಭೂತಿ

ಇದು ಅವಳಿದ್ದಾಗ ಆಗಿದ್ದು.

ನಮ್ಮ ಬೀದಿ ಕೊನೇಲಿ ಅರಳೀಕಟ್ಟೆ, ಅಲ್ಲೊಂದು ಲಿಂಗ. ಬೇಸಿಗೇಲಿ ಮೇಲೊಂದು ತೂತಿನ ತಂಬಿಗೆ ಕಟ್ಟಿ ತೊಟ್ಟು ತೊಟ್ಟಾಗಿ ನೀರು ಬೀಳೋ ಹಾಗೆ ಮಾಡಿದ್ದರು. ನೀರು ಬೋರಿಂದು. ಹದಿನೈದು ದಿನಕ್ಕೆ ಕರೀ ಕಲ್ಲಿನ ಮೇಲೆ ಬೆಳ್ಳಗೆ ಪಟ್ಟೆ ಕಾಣಿಸ್ತು.

"ಸ್ವಾಮಿ ತಾನೇ ವಿಭೂತಿ ಹಚ್ಕೊಂಡವ್ನೆ" ಅಂತ ಜನ ಸೇರಿದರು. ನನ್ನ ಹೆಂಡತಿ ಕೈ ಹಿಡಿದು ಎಳ್ಕೊಂಡು ಹೋದಳು. ನಾನು ಉಗುರಲ್ಲಿ ಕೆರೆದು ನೋಡಿದೆ.

"ಸುಣ್ಣ ಕಣೇ ಇದು. ದಿನಾ ಗೀಸರ್ ಕಾಯಿಲ್ ಮೇಲೆ ಇದನ್ನೇ ನೋಡ್ತೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅವಳು ಕೈ ಮುಗಿದುಕೊಂಡೇ ಅಂದಳು. "ಹಂಗಾರೆ ಇಷ್ಟು ವರ್ಷ ದೇವರ ಮೇಲೇ ಸ್ಪ್ಯಾನರ್ ಹಾಕಿದೀರ. ಇನ್ಮೇಲೆ ಚಪ್ಪಲಿ ಬಿಟ್ಟು ಮುಟ್ಟಿ."

ಈಗ ಗೀಸರ್ ಬಿಚ್ಚೋ ಮುಂಚೆ ಚಪ್ಪಲಿ ಬಿಡ್ತೀನಿ. ಕರೆಸಿದ ಮನೆಯವರು ನನ್ನ ಶುಚಿ ನೋಡಿ ಮೆಚ್ಚಿಕೊಳ್ತಾರೆ.

ಗೀಸರಿನ ದೆವ್ವ

ಶೆಟ್ಟಿಹಳ್ಳಿಯಲ್ಲಿ ಒಂದು ಮನೆಗೆ ಕರೆದರು. ಬಾತ್‌ರೂಮಿನ ಗೋಡೆ ಒಳಗೆ ಯಾರೋ ಹಲ್ಲು ಕಡೀತಾರಂತೆ. ಸೊಸೆ ಸ್ನಾನಕ್ಕೆ ಹೋಗಲ್ಲ ಅಂತ ಕೂತಿದ್ದಾಳೆ. ಅತ್ತೆ ಯಾರನ್ನೋ ಕೇಳಿ ನಿಂಬೆಹಣ್ಣು, ಮೆಣಸಿನಕಾಯಿ ದಾರಕ್ಕೆ ಪೋಣಿಸಿ ಗೀಸರಿಗೆ ಕಟ್ಟಿದ್ದಾರೆ.

ಗೀಸರ್ ಬಿಚ್ಚಿದೆ. ಅರ್ಧ ಬಕೆಟ್ ಸುಣ್ಣದ ಚಕ್ಕೆ ಬಿತ್ತು. ನೀರು ಕಾದಾಗ ಅದು ಸದ್ದು ಮಾಡ್ತಿತ್ತು, ಅಷ್ಟೇ.

ಅತ್ತೆ ಒಪ್ಪಲಿಲ್ಲ. "ನಿಂಬೆಹಣ್ಣು ಕಟ್ಟಿದ್ದಕ್ಕೇ ಹೊರಗೆ ಬಂತು ನೋಡಪ್ಪ" ಅಂದರು.

"ನಿಂಬೆಹಣ್ಣೇ ಸರಿ ಕಣ್ರಮ್ಮ. ಆದ್ರೆ ಹೊರಗಡೆ ಕಟ್ಟಿದೀರ. ಒಳಗೆ ಹಿಂಡಿದ್ರೆ ನಾನೂ ಬರಬೇಕಿರಲಿಲ್ಲ."

ಅಕ್ಕ

ನಮ್ಮ ಬೀದೀಲಿ ಹೇಮಾವತಿ ನೀರು ಬಂದರೆ ಮೊದಲು ನೋಡಿದವರು ಕೂಗಬೇಕು. ಹೆಂಗಸರು ಹೆಂಗಸರನ್ನ ಕೂಗ್ತಾರೆ. ಗಂಡಸನ್ನ ಬೀದೀಲಿ ನಿಂತು ಹೆಂಗೆ ಕೂಗ್ತಾರೆ? ಅವಳು ಹೋದ ಮೇಲೆ ಸಿಹಿ ನೀರು ಬಂದು ಹೋದ ಸುದ್ದೀನೂ ನಮ್ಮನೆಗೆ ತಲುಪಲಿಲ್ಲ.

ಒಂದು ದಿನ ಬೆಳಿಗ್ಗೆ ಎದುರು ಮನೆಯಾಕೆ ಅಭ್ಯಾಸಬಲದಲ್ಲಿ ಕೂಗಿಬಿಟ್ಟರು. "ಅಕ್ಕೋ, ನೀರು ಬಂತು!"

ಕೂಗಿದ ಮೇಲೆ ನೆನಪಾಯ್ತು. ಬಾಯಿ ಮುಚ್ಚಿಕೊಂಡರು. ನಾನು ಬಿಂದಿಗೆ ತಗೊಂಡು ಆಚೆ ಬಂದೆ.

"ಬಂದೆ ಕಣಮ್ಮ" ಅಂದೆ.

ಐದು ಬಿಂದಿಗೆ ಹಿಡಿದೆ. ಸಿಹಿ ನೀರಲ್ಲಿ ಸ್ನಾನ ಮಾಡಿ ಬಹಳ ದಿನ ಆಗಿತ್ತು, ಕೂತೆ. ಸೋಪು ಹಚ್ಚಿದೆ, ನೊರೆ ಬಂತು. ನೀರು ಹಾಕಿದೆ, ಮೈ ಜಾರುತ್ತೆ. ಸೋಪು ಹೋಗಿಲ್ಲ ಅಂತ ಇನ್ನೊಂದು ಬಿಂದಿಗೆ. ಇನ್ನೂ ಜಾರುತ್ತೆ. ಮತ್ತೊಂದು. ಸಿಹಿ ನೀರಿಗೆ ಮೈ ಜಾರೋದೇ ಹಾಗೆ ಅಂತ ನನ್ನಂಥ ಪ್ಲಂಬರಿಗೂ ಹೊಳೀಲಿಲ್ಲ. ಗಡಸು ನೀರಿಗೆ ಒಗ್ಗಿದ ಮೈ. ಐದೂ ಖಾಲಿ. ಅಷ್ಟರಲ್ಲಿ ನಲ್ಲೀನೂ ನಿಂತಿತ್ತು.

ಎದುರು ಮನೆಯಾಕೆ ಚರಂಡಿ ನೋಡ್ತಾ ನಿಂತಿದ್ದರು. "ಏನಣ್ಣ ಇಷ್ಟು ನೊರೆ?"

"ಸ್ನಾನ ಮಾಡಿದೆ ಕಣಮ್ಮ."

"ಐದು ಬಿಂದಿಗೇಲಾ? ಮಸ್ತಕಾಭಿಷೇಕನಾ?"

ಅವತ್ತಿಂದ ನೀರು ಬಂದರೆ ಅವರು "ಅಕ್ಕೋ" ಅಂತಲೇ ಕೂಗ್ತಾರೆ. ನಾನೂ ಓ ಅಂತೀನಿ.

ಸಾಹೇಬ್ರು ಬಂದರು

ಅದೇ ದಿನ ಸಂಜೆ ಹಿಂದಿನ ಬೀದಿಯ ಸಾಹೇಬ್ರು ಬಂದರು. ಹಾಸಿಗೆ ಹೊಲಿಯೋ ಅಂಗಡಿ ಇಟ್ಟಿದ್ದಾರೆ. ಮನೆ ನಲ್ಲಿ ಸೋರುತ್ತೆ ಅಂತ ಹೇಳೋಕೆ ಬಂದಿದ್ದು.

"ಕೂತ್ಕಳಿ ಭಾಯಿ, ಟೀ ಮಾಡ್ತೀನಿ" ಅಂದೆ. ಕೂತರು.

ಸಿಹಿ ನೀರೆಲ್ಲ ಚರಂಡಿ ಸೇರಿತ್ತು. ಬೋರ್ ನೀರೇ ಇಟ್ಟೆ. ಹಾಲು ಹಾಕಿದೆ, ಒಡೀತು. ಸೋಸಿದರೂ ಮೇಲೆ ತೇಲ್ತಿತ್ತು. ತಲೆ ತಗ್ಗಿಸಿಕೊಂಡು ಕೊಟ್ಟೆ.

ಒಂದು ಗುಟುಕು ಕುಡಿದರು. ಗ್ಯಾಸ್ಟ್ರಿಕ್ ಅನ್ನಲಿಲ್ಲ. ಇನ್ನೊಂದು ಗುಟುಕು. ಕುಡೀತಾ ಕುಡೀತಾ ನಮ್ಮೋಳ ವಿಷಯ ಕೇಳಿದರು. ಹೇಳಿದೆ. ಲೋಟ ಖಾಲಿ ಆಯ್ತು.

"ಅಣ್ಣ, ಇನ್ನೊಂದು ಸ್ವಲ್ಪ ಇದ್ಯಾ?"

ಪಾತ್ರೆಯಲ್ಲಿದ್ದಿದ್ದು ಪೂರ್ತಿ ಬಗ್ಗಿಸಿದೆ. ಅದನ್ನೂ ಕುಡಿದರು. ಕತ್ತಲಾಗೋತನಕ ಕೂತಿದ್ದರು. ಏಳುವಾಗ ತಡೆಯೋಕಾಗಲಿಲ್ಲ, ಕೇಳಿಬಿಟ್ಟೆ.

"ನಿಜ ಹೇಳಿ ಭಾಯಿ, ಟೀ ಹೆಂಗಿತ್ತು?"

"ಬಿಸಿ ಚೆನ್ನಾಗಿತ್ತು."

"ರುಚಿ?"

"ಅದನ್ನ ನನ್ನ ಕೇಳ್ಬೇಡಿ ಅಣ್ಣ. ಕರೋನಾ ಬಂದು ಹೋದಾಗಿಂದ ನಾಲಿಗೆ ಸತ್ತೋಗಿದೆ. ನಮ್ಮ ಮನೆಯೋರು ಉಪ್ಪು ಹಾಕಿದ್ರೂ ಒಂದೇ, ಬಿಟ್ರೂ ಒಂದೇ."

ನನಗೆ ನಗು ಬಂತು. ಅವಳು ಹೋದ ಮೇಲೆ ಮೊದಲನೇ ಸಲ. ಸಾಹೇಬ್ರಿಗೆ ಗಾಬರಿಯಾಯ್ತು. "ಯಾಕಣ್ಣ, ಕೆಟ್ಟಿತ್ತಾ?"

"ಕಣ್ಣಲ್ಲಾದ್ರೂ ನೋಡ್ಲಿಲ್ವಾ ಭಾಯಿ? ಹಾಲು ಒಡೆದು ತೇಲ್ತಿತ್ತು!"

"ಅಯ್ಯೋ ಅಲ್ಲಾ, ನಾನು ಕೆನೆ ಅನ್ಕೊಂಡೆ! ಅಣ್ಣ ಎಷ್ಟು ಪ್ರೀತಿಯಿಂದ ಕೆನೆ ಹಾಕವ್ರೆ ಅಂತ ಇನ್ನೊಂದು ಲೋಟ ಕೇಳಿದೆ!"

ಮಾರನೇ ದಿನ ಬೆಳಿಗ್ಗೆ ಎರಡು ಲೋಟ ಬೋರ್ ನೀರು ಅಳೆದು ಪಾತ್ರೆಗೆ ಹಾಕಿಟ್ಟು, ಸಾಹೇಬ್ರನ್ನ ಕರೆಯೋಕೆ ಅವರ ಅಂಗಡಿಗೆ ಹೋದೆ.