ಪೂಜೆಯ ಹೊತ್ತಿಗೇ ನಡುಗುವ ಕೈ

ಮಿದುಳಿನ ಆಪರೇಷನ್ ನಡೆಯುವಾಗ ನಗಬಾರದು ಅಂತ ಎಷ್ಟು ಗಟ್ಟಿ ಮನಸ್ಸು ಮಾಡಿಕೊಂಡು ಹೋದರೂ, ನಮ್ಮ ಕಡೆಯ ರೋಗಿ ಬಂದ ದಿನ ಅದು ಆಗದ ಮಾತು. ನಾನು ತಾಂಡೂರಿನ ಪಕ್ಕದ, ಕನ್ನಡ ಗಡಿಯ ಬಶೀರಾಬಾದಿನವಳು, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಕೈನಡುಕದ ಕಾಯಿಲೆಗೆ ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ ಕರೆಂಟ್ ಕೊಡುವಾಗ ರೋಗಿ ಎಚ್ಚರವಾಗಿಯೇ ಇರಬೇಕು. ಕನ್ನಡದವರಾದರೆ ಅವರನ್ನು ಮಾತಾಡಿಸುವ ಕೆಲಸ ನನ್ನದು.

ತಾಂಡೂರಿನಲ್ಲಿ ದಾಲ್ ಮಿಲ್ ಇಟ್ಟಿದ್ದ ತೊಗರಿ ಸಾವ್ಕಾರರು ಬಂದದ್ದು ಹಾಗೆ. ಎಡಗೈ ವಿಪರೀತ ನಡುಗುತ್ತಿತ್ತು. ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡುವಾಗ ಹೆಂಡತಿ ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದುಕೊಳ್ಳಬೇಕು.

"ಸಾಯೋದ್ರೊಳಗ ಒಂದಿನಾರ ನಾನೇ ಪೂಜಿ ಮಾಡಬೇಕವ್ವಾ" ಅಂದರು.

೧. ಬೆಳ್ಳಿ ಕರಡಿಗೆ

ಸ್ಕ್ಯಾನಿಂಗಿಗೆ ಮುಂಚೆ ಮೈಮೇಲೆ ಲೋಹ ಇರಬಾರದೆಂದು ಅವರ ಕೊರಳಲ್ಲಿದ್ದ ಲಿಂಗದ ಕರಡಿಗೆ ತೋರಿಸಿದೆ.

"ಬೆಳ್ಳಿ ತಗೀತೀನಿ. ಶಿವನ್ನ ತಗ್ಯಾಂಗಿಲ್ಲ."

ನಮ್ಮ ಸರ್ಜನ್ ದೊಡ್ಡ ಮನಸ್ಸಿನವರು. ಲಿಂಗದಲ್ಲಿ ಲೋಹವಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲು ಒಪ್ಪಿದರು.

"ಚಲೋ ಆತು. ಡಾಕ್ಟರ್ ಸಾಬ್ ಒಬ್ಬರೇ ಇದ್ರು, ಈಗ ಇಬ್ಬರಾದ್ರು ಆಪರೇಷನ್ ಮಾಡಾಕ" ಅಂದರು ಸಾವ್ಕಾರರು.

೨. ತಲೆಯೊಳಗಿನ ಮಿಲ್ಲು

ತಲೆಗೆ ಚೌಕಟ್ಟು ಬಿಗಿದು, ಸಣ್ಣ ತೂತು ಕೊರೆದು, ಕೂದಲೆಳೆಯಷ್ಟೇ ಅಳತೆಯಲ್ಲಿ ತಂತಿ ಇಳಿಸುತ್ತ ಹೋಗುತ್ತಾರೆ. ಮಿದುಳಿನ ಚರಪರ ಸದ್ದು ಸ್ಪೀಕರಿನಲ್ಲಿ ಬರುತ್ತದೆ. ಅದನ್ನೇ ಆಲಿಸಿ ಸರಿಯಾದ ಜಾಗ ಹುಡುಕುವ ಸರ್ಜನ್‌ರನ್ನು ಕಂಡಾಗಲೆಲ್ಲ ನನಗೆ ಕೈ ಮುಗಿಯಬೇಕೆನ್ನಿಸುತ್ತದೆ.

"ಏನವ್ವಾ ಸಪ್ಪಳ?"

"ನಿಮ್ಮ ಮಿದುಳಿಂದೇ ರೀ."

"ಅಬ್ಬಾ, ತಲ್ಯಾಗ ದಾಲ್ ಮಿಲ್ ನಡದದ! ಬೆಲ್ಟಿಗಿ ಕೈ ಹಾಕಬ್ಯಾಡ್ರಿ ಅಂತ ಹೇಳು ಸಾಬ್‌ಗ."

ಕರೆಂಟ್ ಕೊಟ್ಟರು. ಕೈ ನಿಂತಿತು. ಪರೀಕ್ಷೆಗೆ ನಾವು ಲೋಟ ಹಿಡಿಸುತ್ತೇವೆ. ಇವರು ಬೇಡವೆಂದು, ತಾವೇ ತೋಳಿನ ಗಂಟು ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣೆದುರು ಹಿಡಿದರು. ಅದು ಅಲುಗಲಿಲ್ಲ. ನನ್ನ ಮಾಸ್ಕೆಲ್ಲ ಕಣ್ಣೀರಿಗೆ ಒದ್ದೆಯಾಯಿತು.

"ಯಾಕ ಅಳ್ತೀ ಅವ್ವಾ? ಮಿಲ್ ಬಂದ್ ಆತೇನು?"

೩. ಬಟನ್

ಎದೆಯ ಚರ್ಮದಡಿ ಬ್ಯಾಟರಿ ಕೂಡಿಸಿ, ಅಗತ್ಯ ಬಿದ್ದರೆ ಕರೆಂಟ್ ಆಫ್ ಮಾಡಲೆಂದು ರಿಮೋಟ್ ಕೊಟ್ಟು ಕಳಿಸಿದೆವು. ಕೆಲವು ತಿಂಗಳ ಮೇಲೆ ಗಂಡಹೆಂಡತಿ ಮತ್ತೆ ಬಂದರು. ಅಮ್ಮನವರ ಮುಖ ಸಪ್ಪಗಿತ್ತು.

"ದಿನಾ ಎಲ್ಲಾ ಚಲೋ ಇರ್ತದ್ರಿ. ಪೂಜಿಗಿ ಕುಂತ್ರ ಮಾತ್ರ ಕೈ ನಡಗ್ತದ. ಮತ್ತ ನಾನೇ ಹಿಡೀಬೇಕು."

ಸರ್ಜನ್ ಗಾಬರಿಯಾದರು. ತಂತಿ ಸರಿದಿದೆಯೇ ಅಂತ ಸ್ಕ್ಯಾನ್ ಮಾಡಿಸಿದರು, ಸರಿಯಾಗಿಯೇ ಇತ್ತು. ಕೊನೆಗೆ ಎದೆಯ ಬ್ಯಾಟರಿಯಲ್ಲಿನ ದಾಖಲೆ ತೆಗೆದು ನೋಡಿ, "ದಿನಾ ಬೆಳಿಗ್ಗೆ ಯಾರೋ ಇದನ್ನು ಆಫ್ ಮಾಡುತ್ತಿದ್ದಾರಲ್ಲ!" ಅಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಸಾವ್ಕಾರರು ಜೇಬಿನಿಂದ ರಿಮೋಟ್ ತೆಗೆದು ಕೈಯಲ್ಲಿ ಹಿಡಿದರು.

"ಮೊದಲನೇ ದಿನ ಒಬ್ಬನೇ ಮಾಡಿದ್ನವ್ವಾ. ಕೈ ಗಟ್ಟಿ ನಿಂತಿತ್ತು. ಆದ್ರ ಬಾಜೂಕ ಈಕಿ ಇಲ್ಲ, ಅಡಗಿಮನ್ಯಾಗ ಹೋಗ್ಯಾಳ. ಮನಸ್ಸೇ ನಿಲ್ಲಲಿಲ್ಲ."

ನಾನು ಇದನ್ನು ತಿಳಿಸಿದಾಗ ಸರ್ಜನ್ ಕನ್ನಡಕ ಒರೆಸತೊಡಗಿದರು. ಅಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಕೈಯಿಂದ ರಿಮೋಟ್ ಕಸಿದು ಚೀಲಕ್ಕೆ ಹಾಕಿದರು.

"ಕರದ್ರ ಬರ್ತಿದ್ದಿಲ್ಲೇನ್ರಿ? ನನ್ನ ಕರ್ಯಾಕ ತಲ್ಯಾಗಿನ ಕರೆಂಟ್ ತಗೀಬೇಕಾ?"