ಗುಡ್ ಮಾರ್ನಿಂಗ್ ಕಲಿಸಿದ ರಜೆ

ಮೇಷ್ಟರ ಬೇಸಿಗೆ ರಜೆಯ ಮೇಲೆ ಊರಿಗೆಲ್ಲ ಕಣ್ಣು. ಕೊಪ್ಪ ಪೇಟೆಯಲ್ಲಿ ಕ್ಷೌರಕ್ಕೆ ಕೂತರೆ, ಕತ್ತರಿ ಸರಿಯಾಗಿ ಕಿವಿಯ ಹತ್ತಿರ ಬಂದಾಗಲೇ "ನಿಮಗೆಂತ ಮಾರಾಯ್ರೆ, ಕೂತಲ್ಲೇ ಸಂಬಳ" ಎಂಬ ಮಾತು ಬರುತ್ತದೆ. ಕಿವಿ ಇನ್ನೊಬ್ಬರ ಕೈಯಲ್ಲಿರುವಾಗ ವಾದ ಮಾಡುವಷ್ಟು ದಡ್ಡ ನಾನಲ್ಲ. ನಮ್ಮಜ್ಜಿ ಇದ್ದಾಗ ರಜೆ ಶುರುವಾದ ದಿನವೇ ನನ್ನ ಕೈಗೊಂದು ಕೋಲು ಕೊಟ್ಟು ಹಲಸಿನ ಹಪ್ಪಳದ ಚಾಪೆಯ ಪಕ್ಕ ಕೂರಿಸುತ್ತಿದ್ದರು. "ವರ್ಷವಿಡೀ ಮಕ್ಕಳನ್ನ ಕಾಯ್ತೀಯಲ್ಲ ಮಾಣಿ, ಕಾಗೆ ಕಾಯಲಿಕ್ಕೆ ಎಂತ ಕಷ್ಟ?" ಈಗ ಯೋಚಿಸಿದರೆ ನಾನು ನಿಜಕ್ಕೂ ಸಾರ್ಥಕವಾಗಿ ಕಳೆದ ರಜೆಗಳು ಅವೇ. ನಾನು ಕಾವಲು ಕೂತು ಕಾದ ಹಪ್ಪಳವನ್ನು ಮಳೆಗಾಲದಲ್ಲಿ ನಾವೇ ತಿನ್ನುತ್ತಿದ್ದೆವು, ಬೇರೆಯವರಲ್ಲ.

ಈ ಸಲ ರಜೆಯನ್ನು ಫಲಪ್ರದವಾಗಿ ಕಳೆದು ಫೋಟೋ ಸಮೇತ ವರದಿ ಒಪ್ಪಿಸಬೇಕೆಂದು ಮೇಷ್ಟರುಗಳ ವಾಟ್ಸಾಪ್ ಗುಂಪಿಗೆ ಸಂದೇಶ ಬಂತು. ನನಗೆ ಬೇಕಾದ ಫಲ ಒಂದೇ, ಒಂದನೇ ಕ್ಲಾಸಿಗೆ ಒಂದು ಮಗು. ಕಮ್ಮರಡಿಯಿಂದ ಒಳಗಿರುವ ನಮ್ಮ ಶಾಲೆಯ ಆರು ಮಕ್ಕಳಲ್ಲಿ ಇಬ್ಬರು ಐದನೇ ಕ್ಲಾಸು ಮುಗಿಸಿ ಹೋಗಿದ್ದರು. ಜೂನಿಗೆ ಹೊಸದಾಗಿ ಒಬ್ಬರೂ ಸೇರದಿದ್ದರೆ ಬಾಗಿಲು ಹಾಕಿ ಪಕ್ಕದೂರಿನ ಶಾಲೆಗೆ ಸೇರಿಸುವುದೆಂದು ಮೇಲಿನವರು ಬಾಯಲ್ಲೇ ಹೇಳಿಹೋಗಿದ್ದರು. ಬರೆದು ಕೊಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಊರಿಡೀ ಹುಡುಕಿದರೆ ಆರು ವರ್ಷ ತುಂಬಿದ್ದು ಒಂದೇ ಹುಡುಗಿಗೆ. ಸಾನ್ವಿ. ಅಪ್ಪ ಸುರೇಶ, ಅಮ್ಮ ಶಾರದಾ, ಇಬ್ಬರೂ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಗುಡ್ಡ ಹತ್ತಿ, ತೋಟದವರು ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಅವರ ಲೈನು ಮನೆಗೆ ಹೋಗಿ, ಹೆಣ್ಣು ಕೇಳಲು ಬಂದ ದಲ್ಲಾಳಿಯ ಹಾಗೆ ಬಿಸಿಯೂಟ, ಹಾಲು, ಮೊಟ್ಟೆ, ಶೂ ಎಲ್ಲವನ್ನೂ ಬಣ್ಣಿಸಿದೆ. ಶಾರದಾ ಅಕ್ಕಿ ಆರಿಸುತ್ತಲೇ ಕೇಳಿದಳು, "ಇಂಗ್ಲಿಷ್ ಕಲಿಸ್ತೀರಾ ಮೇಷ್ಟ್ರೆ?"

"ಕಲಿಸದೆ ಮತ್ತೆ?"

"ನಿಮ್ಮ ಮಗಳು ಓದಿದ್ದು ಎಲ್ಲಿ?"

ನಾನು ಕುಡಿಯಲು ನೀರು ಕೇಳಿದೆ. ನನ್ನ ಮಗಳು ಓದಿದ್ದು ಕೊಪ್ಪದ ಇಂಗ್ಲಿಷ್ ಶಾಲೆಯಲ್ಲಿ, ದಿನಾ ಹಳದಿ ವ್ಯಾನಿನಲ್ಲಿ ಹೋಗಿ. ನೀರಿನ ಜೊತೆ ಬೆಲ್ಲದ ಚೂರೂ ಬಂತು. ಆ ಮಾತುಕತೆಯಲ್ಲಿ ಸಿಹಿ ಇದ್ದದ್ದು ಅದೊಂದೇ. ಮರ್ಯಾದೆ ಉಳಿಸಿಕೊಳ್ಳಲು, ನಾಳೆಯಿಂದ ನಾನೇ ಇಲ್ಲಿಗೆ ಬಂದು ಇಂಗ್ಲಿಷ್ ಕಲಿಸುತ್ತೇನೆ, ನೋಡಿ ಆಮೇಲೆ ತೀರ್ಮಾನ ಮಾಡಿ ಎಂದುಬಿಟ್ಟೆ.

ಆರು ವಾರ ಗುಡ್ಡ ಹತ್ತಿದೆ. ಸಾನ್ವಿ ಬಲು ಚುರುಕು. ವಾಟ್ ಅಂದರೆ ಎಂತ ಎಂದು ಒಂದು ದಿನ ಹೇಳಿಕೊಟ್ಟದ್ದಷ್ಟೆ, ಮರುದಿನದಿಂದ ಅಮ್ಮ ಸ್ನಾನಕ್ಕೆ ಕರೆದರೂ "ವಾಟ್?" ಎನ್ನತೊಡಗಿದಳು. ಹೆಸರು, ಅಪ್ಪನ ಹೆಸರು, ಹಣ್ಣು, ಬಣ್ಣ, ಗುಡ್ ಮಾರ್ನಿಂಗ್, ಎಲ್ಲ ಬಂತು. ಸ್ಲೇಟು ಹಿಡಿದ ಅವಳ ಫೋಟೋ ಗುಂಪಿಗೆ ಹಾಕಿದಾಗ ಚಪ್ಪಾಳೆ ತಟ್ಟುವ ಕೈಗಳು ಸಾಲುಸಾಲಾಗಿ ಬಂದವು. ನಮ್ಮ ಮನೆಯಲ್ಲಿ ಮಾತ್ರ ಅಟ್ಟ ಗುಡಿಸಿರಲಿಲ್ಲ, ಬಾವಿಯ ಹಗ್ಗ ಬದಲಾಗಿರಲಿಲ್ಲ. ಊಟಕ್ಕೆ ಮಾತ್ರ ಬರುವವರಿಗೆ ಅಟ್ಟ ಎಲ್ಲಿದೆ ಎಂದಾದರೂ ಗೊತ್ತಾ ಎಂದು ಹೆಂಡತಿ ವಿಚಾರಿಸಿದಳು.

ಶಾಲೆ ಶುರುವಾಗಲು ನಾಲ್ಕು ದಿನ ಇರುವಾಗ ದಾಖಲಾತಿ ಫಾರಂ ಜೇಬಿನಲ್ಲಿಟ್ಟುಕೊಂಡು ಹೊರಟಿದ್ದೆ. ಸುರೇಶನೇ ಎದುರು ಬಂದ. ಕೈಯಲ್ಲಿ ಸ್ವೀಟಿನ ಪೊಟ್ಟಣ.

"ಕೊಪ್ಪದಲ್ಲಿ ಸೀಟು ಸಿಕ್ತು ಮೇಷ್ಟ್ರೆ. ಇಂಟರ್‌ವ್ಯೂನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಲ್ಲೇ ಪಟಪಟ ಹೇಳಿದ್ಲು. ಯಾರು ಕಲಿಸಿದ್ದು ಅಂತ ಮೇಡಮ್ಮು ಕೇಳಿದ್ರು. ನಿಮ್ಮ ಹೆಸರೇ ಹೇಳಿದೆ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಿಮ್ಮ ಮಗಳು ಓದಿದ್ದೂ ಅಲ್ಲೇ ಅಂತಲ್ಲ. ನೀವು ನೋಡದೆ ಸೇರಿಸಿರ್ತೀರಾ?" ಎಂದ.

ಕೊಂಕು ನುಡಿದಿದ್ದರೆ ಏನಾದರೂ ಹೇಳಬಹುದಿತ್ತು. ಅವನು ಮನಸಾರೆ ಹೇಳಿದ್ದ. ಜೇಬಿನ ಫಾರಮ್ಮಿನ ಮೇಲೆ ಒಂದು ಕೈಯಿಟ್ಟುಕೊಂಡು ಇನ್ನೊಂದರಿಂದ ಸ್ವೀಟು ತಿಂದೆ.

ಉಳಿದ ನಾಲ್ಕು ಮಕ್ಕಳು ಈಗ ಪಕ್ಕದೂರಿನ ಶಾಲೆಗೆ ನಡೆಯುತ್ತಾರೆ, ಅವರ ಹಿಂದೆ ನಾನೂ. ವರದಿಯಲ್ಲಿ ರಜೆಯ ಫಲ ಎಂಬಲ್ಲಿ, "ಒಂದು ಮಗುವನ್ನು ಶಾಲೆಗೆ ಸಿದ್ಧಗೊಳಿಸಲಾಗಿದೆ" ಎಂದು ಬರೆದೆ. ಯಾವ ಶಾಲೆಗೆ ಎಂಬ ಕಾಲಂ ಇರಲಿಲ್ಲ. ನನ್ನ ವರದಿಯನ್ನು ಮಾದರಿಯೆಂದು ಗುಂಪಿನಲ್ಲಿ ಹಾಕಿದರು.

ಸಂಜೆ ನಾವು ಐವರೂ ನಡೆದು ಬರುವಾಗ ಹಳದಿ ವ್ಯಾನು ಎದುರಾಗುತ್ತದೆ. ಕಿಟಕಿಯಿಂದ ಸಾನ್ವಿ ಕೈ ಬೀಸಿ "ಗುಡ್ ಮಾರ್ನಿಂಗ್ ಸರ್" ಎನ್ನುತ್ತಾಳೆ. ತಪ್ಪು ಅವಳದ್ದಲ್ಲ. ಗುಡ್ ಈವ್ನಿಂಗನ್ನು ಅವಳು ನಮ್ಮ ಶಾಲೆಗೆ ಸೇರಿದ ಮೇಲೆ ಹೇಳಿಕೊಟ್ಟರಾಯಿತೆಂದು ನಾನೇ ಉಳಿಸಿಟ್ಟಿದ್ದೆ.